ಸ್ಕ್ಯಾನಿಂಗ್ ನೋಡ್ಕೊಂಡು ಕೊಡೋ ಬ್ರೇಕಿಥೆರಪಿ: ಮನೆಯವ್ರು ಪದೇ ಪದೇ ಕೇಳೋ ಪ್ರಶ್ನೆಗಳು

ಗರ್ಭಕೋಶದ ಬಾಯಿ ಕ್ಯಾನ್ಸರಿಗೆ ಟ್ರೀಟ್ಮೆಂಟ್ ತಗೋತಿರೋ ಹೆಣ್ಮಕ್ಕಳು, ಅವರ ಜೊತೆ ಬರೋ ಮಗಳು, ಸೊಸೆ, ಗಂಡ, ತಮ್ಮ ಇವರೆಲ್ಲ ರೇಡಿಯೋಥೆರಪಿ ವಿಭಾಗದಲ್ಲಿ ನಮ್ಮನ್ನ ಕೇಳೋ ಪ್ರಶ್ನೆಗಳನ್ನ ಇಲ್ಲಿ ಒಂದು ಕಡೆ ಬರೆದಿಟ್ಟಿದೀನಿ. ಓಪಿಡಿಲಿ ಇಷ್ಟೆಲ್ಲ ಹೇಳೋಕೆ ಟೈಮ್ ಸಿಗಲ್ಲ, ಅರ್ಧಂಬರ್ಧ ಕೇಳಿಸ್ಕೊಂಡು ಹೆದರ್ಕೊಂಡು ಊರಿಗೆ ಹೋಗಿಬಿಡೋರು ಇದಾರೆ, ಅದಕ್ಕೆ ಬರೀತಿದೀನಿ. ರೇಡಿಯೇಷನ್‌ಗೆ ಜನ ಕರೆಂಟ್ ಅಂತಾರೆ, ನಾನೂ ಹಾಗೇ ಬರೀತೀನಿ. ಮೈ ಹೊರಗಿನ ಮಷೀನಿಂದ ಕೊಡೋದು ಹೊರಗಿನ ಕರೆಂಟ್, ಗಡ್ಡೆ ಇರೋ ಜಾಗಕ್ಕೇ ಹೋಗಿ ಕೊಡೋ ಬ್ರೇಕಿಥೆರಪಿ ಒಳಗಿನ ಕರೆಂಟ್. ನಿಮ್ಮ ಕೇಸಿನ ವಿಷಯಕ್ಕೆ ಮಾತ್ರ ನಿಮ್ಮ ಡಾಕ್ಟರ್ ಹೇಳಿದ್ದೇ ಕೊನೆ.

ಅಮ್ಮಂಗೆ 25 ದಿನ ಹೊರಗಿನ ಕರೆಂಟ್ ಆಯ್ತು, ಬ್ಲೀಡಿಂಗ್ ನಿಂತಿದೆ, ಆರಾಮಾಗಿದಾರೆ. ಮತ್ತೆ ಒಳಗಿನ ಕರೆಂಟ್ ಯಾಕೆ ಬೇಕು?

ಬೇಕೇ ಬೇಕು. ಈ ಪೂರ್ತಿ ಬರಹದಲ್ಲಿ ನೀವು ಒಂದೇ ಉತ್ತರ ಓದೋದಾದ್ರೆ ಇದನ್ನ ಓದಿ.

ಹೊರಗಿನ ಕರೆಂಟ್ ಸಾಮಾನ್ಯವಾಗಿ 45ರಿಂದ 50 ಗ್ರೇ (ಗ್ರೇ ಅಂದ್ರೆ ಕರೆಂಟಿನ ಡೋಸ್ ಅಳೆಯೋ ಲೆಕ್ಕ), ಸುಮಾರು ಐದು ವಾರ, ಜೊತೆಗೆ ವಾರಕ್ಕೊಂದು ಸಿಸ್‌ಪ್ಲಾಟಿನ್ ಕೀಮೋ. ಇದರಿಂದ ಗಡ್ಡೆ ಕುಗ್ಗುತ್ತೆ, ರಕ್ತ ಹೋಗೋದು ನಿಲ್ಲುತ್ತೆ, ನೋವು ಕಮ್ಮಿ ಆಗುತ್ತೆ, ಹಾಗಾಗಿ ವಾಸಿ ಆಯ್ತು ಅನ್ಸುತ್ತೆ. ಆದ್ರೆ ಗಡ್ಡೆ ಪೂರ್ತಿ ಸಾಯೋಕೆ ಒಟ್ಟು 85 ಗ್ರೇ ಹತ್ರ ಅಥವಾ ಅದಕ್ಕಿಂತ ಜಾಸ್ತಿ ಡೋಸ್ ಬೇಕು. ಅಷ್ಟನ್ನೂ ಹೊರಗಿಂದಾನೇ ಕೊಡೋಕೆ ಹೋದ್ರೆ ಮಧ್ಯದಲ್ಲಿರೋ ಕರುಳು, ಮೂತ್ರಚೀಲ, ಗುದನಾಳ ತಡಕೊಳ್ಳಲ್ಲ. ಹಾಗಾಗಿ ಉಳಿದ ಡೋಸನ್ನ ಗಡ್ಡೆ ಇರೋ ಜಾಗಕ್ಕೇ ತಗೊಂಡು ಹೋಗಿ ಒಳಗಿಂದ ಕೊಡೋದು, ಅದೇ ಬ್ರೇಕಿಥೆರಪಿ.

ಬಿಟ್ರೆ ಏನಾಗುತ್ತೆ ಅನ್ನೋದಕ್ಕೆ ಅಮೆರಿಕದ ಲೆಕ್ಕಾನೇ ಇದೆ. ಅಲ್ಲಿ 1988ರಲ್ಲಿ ಇಂಥ ರೋಗಿಗಳಲ್ಲಿ 83% ಜನಕ್ಕೆ ಬ್ರೇಕಿಥೆರಪಿ ಸಿಗ್ತಿತ್ತು, ಹೊಸ ಹೊಸ ಮಷೀನ್ ಬಂದ ಮೇಲೆ ಹೊರಗಿನ ಕರೆಂಟೇ ಸಾಕು ಅನ್ನೋ ಭಾವನೆ ಬೆಳೆದು 2009ರ ಹೊತ್ತಿಗೆ ಅದು 58%ಗೆ ಇಳೀತು, ಬ್ರೇಕಿಥೆರಪಿ ತಗೊಂಡೋರು ತಗೊಳ್ಳದೇ ಇರೋರಿಗಿಂತ ಜಾಸ್ತಿ ಜನ ಬದುಕಿದ್ದು ಅದೇ ಲೆಕ್ಕದಲ್ಲಿ ಕಾಣ್ಸುತ್ತೆ. ಎಷ್ಟೇ ದುಬಾರಿ ಹೊರಗಿನ ಮಷೀನ್ ಆದ್ರೂ ಈ ಕ್ಯಾನ್ಸರಲ್ಲಿ ಇದರ ಬದಲಿಗೆ ನಿಲ್ಲಲ್ಲ.

ಇನ್ನೊಂದು, ಟೈಮ್. ಹೊರಗಿಂದು ಒಳಗಿಂದು ಎರಡೂ ಸೇರಿ ಸುಮಾರು 8 ವಾರದೊಳಗೆ ಮುಗೀಬೇಕು. ಹಬ್ಬ ಮುಗಿಸ್ಕೊಂಡು ಬರ್ತೀವಿ, ರಾಗಿ ಕೊಯ್ಲು ಮುಗೀಲಿ ಅಂತ ಹೋದೋರು ಎರಡು ತಿಂಗಳು ಬಿಟ್ಟು ಬರ್ತಾರೆ, ಅಷ್ಟೊತ್ತಿಗೆ ಉಳಿದ ಗಡ್ಡೆ ಮತ್ತೆ ಬೆಳೆದಿರುತ್ತೆ. ಆಗ ನಮಗೂ ಹೊಟ್ಟೆ ಉರಿಯುತ್ತೆ. ದಯವಿಟ್ಟು ಹಾಗೆ ಮಾಡ್ಬೇಡಿ.

ಒಳಗಿನ ಕರೆಂಟ್ ಅಂದ್ರೆ ನಿಜವಾಗ್ಲೂ ಏನು ಮಾಡ್ತಾರೆ?

ಗರ್ಭಕೋಶದ ಬಾಯಿಂದ ಒಳಗೆ ಒಂದು ತೆಳು ಟ್ಯೂಬ್ ಹಾಕ್ತಾರೆ, ಅದಕ್ಕೆ ಟ್ಯಾಂಡೆಮ್ ಅಂತಾರೆ. ಯೋನಿ ಒಳಗೆ, ಗರ್ಭಕೋಶದ ಬಾಯಿಗೆ ತಾಗೋ ಹಾಗೆ ಓವಾಯ್ಡ್ ಅನ್ನೋ ಎರಡು ಮೊಟ್ಟೆ ಆಕಾರದ ತುಂಡು ಅಥವಾ ಒಂದು ರಿಂಗ್ ಕೂರಿಸ್ತಾರೆ. ಸುತ್ತ ಗಾಜ್ ತುಂಬಿ ಬಿಗಿ ಮಾಡ್ತಾರೆ, ಇದರಿಂದ ಟ್ಯೂಬ್ ಅಲ್ಲಾಡಲ್ಲ, ಮುಂದಿರೋ ಮೂತ್ರಚೀಲ ಹಿಂದಿರೋ ಗುದನಾಳ ಎರಡೂ ಸ್ವಲ್ಪ ದೂರ ಸರಿಯುತ್ತೆ. ಆಮೇಲೆ ಮಷೀನಿಗೆ ಕನೆಕ್ಟ್ ಮಾಡಿದ್ರೆ ಒಂದು ವೈರ್ ತುದಿಯಲ್ಲಿರೋ ಇರಿಡಿಯಂ-192 ಅನ್ನೋ, ಕರೆಂಟ್ ಹೊರಸೂಸೋ ಚಿಕ್ಕ ತುಣುಕು (ಸೋರ್ಸ್), ಕೆಲವು ಕಡೆ ಕೋಬಾಲ್ಟ್-60, ಆ ಟ್ಯೂಬ್ ಒಳಗೆ ಓಡಾಡಿ ಕಂಪ್ಯೂಟರ್ ಹೇಳಿದ ಜಾಗದಲ್ಲಿ ಹೇಳಿದಷ್ಟು ಸೆಕೆಂಡ್ ನಿಂತು ವಾಪಸ್ ಮಷೀನ್ ಒಳಗೆ ಹೋಗಿಬಿಡುತ್ತೆ.

ಒಲೆ ಪಕ್ಕ ಕೂತ್ರೆ ಮೈ ಸುಡುತ್ತೆ, ನಾಲ್ಕು ಹೆಜ್ಜೆ ಹಿಂದೆ ಬಂದ್ರೆ ಬಿಸಿ ಗೊತ್ತಾಗಲ್ಲ ಅಲ್ವಾ, ಇಲ್ಲೂ ಹಾಗೇ. ಸೋರ್ಸಿಂದ 1 ಸೆಂ.ಮೀ. ದೂರದಲ್ಲಿ ಸಿಗೋ ಡೋಸ್ 2 ಸೆಂ.ಮೀ.ಗೆ ಹೋಗೋಷ್ಟರಲ್ಲಿ ಸುಮಾರು ಕಾಲು ಭಾಗ ಆಗಿರುತ್ತೆ. ಗಡ್ಡೆಗೆ ಭರ್ತಿ ಡೋಸ್, ಪಕ್ಕದವಕ್ಕೆ ಕಮ್ಮಿ. ಬ್ರೇಕಿಥೆರಪಿಯ ಶಕ್ತಿ ಅದೇ, ಅಪಾಯಾನೂ ಅದೇ, ಯಾಕಂದ್ರೆ ಟ್ಯೂಬ್ ಅರ್ಧ ಸೆಂ.ಮೀ. ಆಚೀಚೆ ಆದ್ರೂ ಗಡ್ಡೆಗೆ ಹೋಗ್ಬೇಕಾದ ಡೋಸ್ ಮೂತ್ರಚೀಲಕ್ಕೋ ಕರುಳಿಗೋ ಹೋಗಿಬಿಡುತ್ತೆ.

ಇದರಲ್ಲಿ ಅಲ್ಟ್ರಾಸೌಂಡ್ ಸ್ಕ್ಯಾನಿಂಗ್‌ಗೆ ಏನ್ ಕೆಲಸ? ಅದು ಬಸುರಿಯರಿಗೆ ಮಾಡೋದಲ್ವಾ?

ಅದೇ ಮಷೀನ್, ಅದೇ ಜೆಲ್, ಹೊಟ್ಟೆ ಮೇಲೆ ಇಡೋ ಅದೇ ಪ್ರೋಬ್. ಇಲ್ಲಿ ಕೆಲಸ ಬೇರೆ.

ಮೊದಲಿಂದಲೂ ಟ್ಯಾಂಡೆಮ್ ಹಾಕೋದು ಡಾಕ್ಟರ ಕೈ ಅಂದಾಜಿನ ಮೇಲೆ. ಅನುಭವ ಇರೋ ಕೈ ಬಹಳಷ್ಟು ಸಲ ಸರಿಯಾಗೇ ಹಾಕುತ್ತೆ, ಆದ್ರೆ ಐದು ವಾರ ಕರೆಂಟ್ ಆದ್ಮೇಲೆ ಗರ್ಭಕೋಶದ ಬಾಯಿ ಮೊದಲಿನ ಥರ ಇರಲ್ಲ. ಗಡ್ಡೆ ಕರಗಿ ಬಾಯಿ ಎಲ್ಲಿದೆ ಅಂತಾನೇ ಗೊತ್ತಾಗದೆ ಸುತ್ತಲಿನ ಗೋಡೆ ಜೊತೆ ಸಮ ಆಗಿರುತ್ತೆ, ಕೆಲವರಿಗೆ ದಾರಿ ಮುಚ್ಚಿಕೊಂಡಿರುತ್ತೆ, ಮುಟ್ಟು ನಿಂತು ವರ್ಷಗಟ್ಟಲೆ ಆದವರಲ್ಲಿ ಗರ್ಭಕೋಶ ಚಿಕ್ಕದಾಗಿ ಗೋಡೆ ಮೆತ್ತಗಾಗಿರುತ್ತೆ, ಕೆಲವರಿಗೆ ಗರ್ಭಕೋಶ ಹಿಂದಕ್ಕೆ ಬಾಗಿರುತ್ತೆ. ಇಂಥ ಕಡೆ ಕಾಣದೇ ತಳ್ಳಿದ್ರೆ ಟ್ಯೂಬ್ ಗರ್ಭಕೋಶದ ಗೋಡೆ ತೂತು ಮಾಡ್ಕೊಂಡು ಆಚೆ ಹೋಗೋ ಸಾಧ್ಯತೆ ಇರುತ್ತೆ. ಕೈಗೆ ಅದು ಗೊತ್ತಾಗದೇನೂ ಇರಬಹುದು.

ಈಗ ಏನ್ಮಾಡ್ತಾರೆ ಅಂದ್ರೆ ಮೂತ್ರದ ಪೈಪ್ ಮೂಲಕ ಮೂತ್ರಚೀಲಕ್ಕೆ 200-300 ಎಂ.ಎಲ್. ಸಲೈನ್ ತುಂಬಿಸ್ತಾರೆ. ನೀರಲ್ಲಿ ಶಬ್ದದ ಅಲೆ ಸಲೀಸಾಗಿ ಹೋಗುತ್ತೆ, ಅಡ್ಡ ಬರೋ ಕರುಳು ಮೇಲಕ್ಕೆ ಸರಿಯುತ್ತೆ, ಹಿಂದಿರೋ ಗರ್ಭಕೋಶ ಚೆನ್ನಾಗಿ ಕಾಣುತ್ತೆ. ಒಬ್ಬರು ಕಿಬ್ಬೊಟ್ಟೆ ಮೇಲೆ ಪ್ರೋಬ್ ಹಿಡಿದಿರ್ತಾರೆ, ಡಾಕ್ಟರ್ ಸ್ಕ್ರೀನ್ ನೋಡ್ಕೊಂಡು ಮೊದಲು ಸೌಂಡ್ ಅನ್ನೋ ಸಣ್ಣ ಕಡ್ಡಿ ಹಾಕಿ ದಾರಿ ಹುಡುಕಿ ಉದ್ದ ಅಳೀತಾರೆ, ಗರ್ಭಕೋಶ ಯಾವ ಕಡೆ ಬಾಗಿದೆ ನೋಡಿ ಅದಕ್ಕೆ ಹೊಂದೋ ಬಾಗು ಇರೋ ಟ್ಯಾಂಡೆಮ್ ಆರಿಸ್ತಾರೆ, ಆಮೇಲೆ ಅದು ಒಳಗೆ ಹೋಗೋದನ್ನ ಬೆಳ್ಳಗೆ ಹೊಳೆಯೋ ಗೆರೆ ಥರ ಕಣ್ಣಾರೆ ನೋಡ್ತಾ ತಳ್ಳತಾರೆ. ತುದಿ ಗರ್ಭಕೋಶದ ಮೇಲ್ಭಾಗದ ಹತ್ರ ನಿಲ್ಲಬೇಕು, ಅದರ ಮೇಲೆ ಮಾಂಸದ ಗೋಡೆ ಉಳಿದಿರೋದು ಕಾಣ್ಬೇಕು. ಉದ್ದಕ್ಕೂ ಅಡ್ಡಕ್ಕೂ ಎರಡೂ ಕಡೆಯಿಂದ ನೋಡಿ ಮಧ್ಯದಲ್ಲಿದೆ ಅಂತ ಖಾತ್ರಿ ಮಾಡ್ಕೋತಾರೆ.

ಸ್ಕ್ಯಾನಿಂಗ್‌ನಲ್ಲಿ ಇನ್ನೊಂದು ಲಾಭ ಇದೆ. ಗಡ್ಡೆಯಿಂದ ಬಾಯಿ ಮುಚ್ಚಿ ಗರ್ಭಕೋಶದೊಳಗೆ ಕೀವು ಅಥವಾ ನೀರು ತುಂಬ್ಕೊಂಡಿದ್ರೆ ಅದು ಮೊದಲೇ ಕಂಡುಬಿಡುತ್ತೆ, ಅದನ್ನ ಹೊರಗೆ ತೆಗೆದು ಬೇಕಾದ್ರೆ ಆಂಟಿಬಯಾಟಿಕ್ ಕೊಟ್ಟು ಮುಂದುವರೀತಾರೆ.

ಇದರಲ್ಲಿ ರೇಡಿಯೇಷನ್ ಇಲ್ಲ, ಬರೀ ಶಬ್ದದ ಅಲೆ. ಎಷ್ಟು ಹೊತ್ತು ಬೇಕಾದ್ರೂ, ಟ್ಯೂಬ್ ಹಾಕ್ತಿರುವಾಗ್ಲೇ, ಆಪರೇಷನ್ ಟೇಬಲ್ ಮೇಲೇ ನೋಡಬಹುದು. ಸಿಟಿ ಎಂಆರ್‌ಐ ಹಾಗಲ್ಲ, ಅವು ಎಲ್ಲ ಹಾಕಿ ಮುಗಿದ ಮೇಲೆ ಫೋಟೋ ತೋರಿಸ್ತವೆ, ಅಷ್ಟರಲ್ಲಿ ತೂತಾಗಿದ್ರೆ ಆಗೇ ಹೋಗಿರುತ್ತೆ.

ತೂತು ಆಗೇಬಿಟ್ರೆ ಜೀವಕ್ಕೆ ಅಪಾಯಾನಾ?

ಗೊತ್ತಾದ್ರೆ ಬಹುತೇಕ ನಿಭಾಯಿಸಬಹುದು. ಟ್ಯೂಬ್ ತೆಗೀತಾರೆ, ಆಂಟಿಬಯಾಟಿಕ್ ಕೊಡ್ತಾರೆ, ಬಿಪಿ, ಹೊಟ್ಟೆ ನೋವು, ರಕ್ತ ಎಲ್ಲ ನೋಡ್ತಾರೆ, ಆಮೇಲೆ ಸ್ಕ್ಯಾನಿಂಗ್ ನೋಡ್ಕೊಂಡು ಸರಿಯಾಗಿ ಹಾಕ್ತಾರೆ ಇಲ್ಲಾ ಕೆಲವು ದಿನ ಮುಂದಕ್ಕೆ ಹಾಕ್ತಾರೆ. ಗೊತ್ತಾಗದೇ ಆಚೆ ಹೋದ ಟ್ಯೂಬಲ್ಲೇ ಸೋರ್ಸ್ ಬಿಟ್ರೆ ಕರುಳಿಗೆ ದೊಡ್ಡ ಡೋಸ್ ಬೀಳುತ್ತೆ, ನಿಜವಾದ ಅಪಾಯ ಅದು. ಅದಕ್ಕೇ ಹೇಳೋದು, ಕಣ್ಣಿಗೆ ಕಾಣೋ ಹಾಗೆ ಹಾಕ್ಬೇಕು ಅಂತ.

ಎಂಆರ್‌ಐ ಅಲ್ಟ್ರಾಸೌಂಡ್‌ಗಿಂತ ಒಳ್ಳೇದಲ್ವಾ? ಅದನ್ನೇ ಮಾಡ್ಬಹುದಲ್ಲ?

ಗಡ್ಡೆ ಎಲ್ಲಿವರೆಗೆ ಉಳಿದಿದೆ ಅಂತ ತೋರಿಸೋದ್ರಲ್ಲಿ ಎಂಆರ್‌ಐ ಮುಂದಿದೆ, ಅದರಲ್ಲಿ ಎರಡು ಮಾತಿಲ್ಲ. ಯುರೋಪಿನ ತಜ್ಞರ ಗುಂಪು 2005 ಮತ್ತು 2006ರಲ್ಲಿ ಕೊಟ್ಟ ಮಾರ್ಗಸೂಚಿ ಎಂಆರ್‌ಐ ಮೇಲೇ ನಿಂತಿದೆ, ಆಮೇಲೆ ಅನೇಕ ದೇಶದ ಆಸ್ಪತ್ರೆ ಸೇರಿ ಮಾಡಿದ ಎಂಬ್ರೇಸ್ ಅಧ್ಯಯನದಲ್ಲಿ ಇದರ ಫಲಿತಾಂಶ ಬಹಳ ಚೆನ್ನಾಗಿ ಬಂತು. ಅದಕ್ಕೂ ಮೊದಲು ದಶಕಗಟ್ಟಲೆ ಎಕ್ಸ್‌ರೇ ನೋಡಿ ಪಾಯಿಂಟ್ ಎ ಅನ್ನೋ ಒಂದು ಬಿಂದುವಿಗೆ ಡೋಸ್ ಲೆಕ್ಕ ಹಾಕ್ತಿದ್ರು, 1938ರ ಮ್ಯಾಂಚೆಸ್ಟರ್ ಪದ್ಧತಿ ಅದು. ಎಕ್ಸ್‌ರೇಲಿ ಗಡ್ಡೆ ಕಾಣಲ್ಲ, ಟ್ಯೂಬ್ ಮಾತ್ರ ಕಾಣುತ್ತೆ. ಚಿಕ್ಕ ಗಡ್ಡೆಗೂ ದೊಡ್ಡ ಗಡ್ಡೆಗೂ ಅದೇ ಬಿಂದು!

ಆದ್ರೆ ನಮ್ಮ ದೇಶದ ಕಷ್ಟ ನೋಡಿ. 2022ರ ಅಂದಾಜಿನ ಪ್ರಕಾರ ಭಾರತದಲ್ಲಿ ಒಂದು ವರ್ಷಕ್ಕೆ ಸುಮಾರು 1.27 ಲಕ್ಷ ಹೆಣ್ಮಕ್ಕಳಿಗೆ ಈ ಕ್ಯಾನ್ಸರ್ ಬರುತ್ತೆ, ಸುಮಾರು 80 ಸಾವಿರ ಜನ ಸಾಯ್ತಾರೆ. ಇಷ್ಟು ಜನಕ್ಕೆ, ಒಬ್ಬೊಬ್ಬರಿಗೆ ಎರಡು ಮೂರು ನಾಲ್ಕು ಸಲ, ಟ್ಯೂಬ್ ಹಾಕಿದ ಸ್ಥಿತಿಯಲ್ಲೇ ಎಂಆರ್‌ಐ ಮಾಡಿಸೋದು ದೊಡ್ಡ ಸರ್ಕಾರಿ ಆಸ್ಪತ್ರೆಗೂ ಕಷ್ಟ, ಎಂಆರ್‌ಐ ಕ್ಯೂನಲ್ಲಿ ತಲೆಪೆಟ್ಟು ಬಿದ್ದೋರು ಪಾರ್ಶ್ವವಾಯು ಆದೋರು ಎಲ್ಲ ಇರ್ತಾರೆ.

ಇಲ್ಲೇ ಅಲ್ಟ್ರಾಸೌಂಡ್ ಕೈಹಿಡಿಯೋದು. ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿರೋ ಪೀಟರ್ ಮೆಕಲಮ್ ಕ್ಯಾನ್ಸರ್ ಸೆಂಟರಿನವ್ರು ಹೊಟ್ಟೆ ಮೇಲಿನ ಅಲ್ಟ್ರಾಸೌಂಡಿಂದಲೇ ಟ್ಯೂಬ್ ಹಾಕೋದಷ್ಟೇ ಅಲ್ಲ, ಗರ್ಭಕೋಶದ ಬಾಯಿ ಟ್ಯಾಂಡೆಮ್ಮಿಂದ ಮುಂದೆ ಎಷ್ಟು ಹಿಂದೆ ಎಷ್ಟು ದಪ್ಪ ಇದೆ ಅಂತ ಅಳೆದು ಡೋಸ್ ಪ್ಲಾನೂ ಮಾಡ್ಬಹುದು ಅಂತ ವರ್ಷಗಟ್ಟಲೆ ಮಾಡಿ ತೋರಿಸಿದಾರೆ, ಎಂಆರ್‌ಐ ಅಳತೆ ಜೊತೆ ಹೋಲಿಸಿದಾಗ ವ್ಯತ್ಯಾಸ ಬಂದಿದ್ದು ಮಿಲಿಮೀಟರ್ ಲೆಕ್ಕದಲ್ಲಿ. ನಮ್ಮಲ್ಲೇ ಮುಂಬೈನ ಟಾಟಾ ಮೆಮೋರಿಯಲ್ ಆಸ್ಪತ್ರೆಯಲ್ಲಿ ಡಾ. ಉಮೇಶ್ ಮಹಾಂತಶೆಟ್ಟಿ ಅವರ ತಂಡ ಇದೇ ಹೋಲಿಕೆ ಮಾಡಿ 2012ರಲ್ಲಿ ಪ್ರಕಟ ಮಾಡ್ತು. ನಮ್ಮ ದೇಶದ ಹೆಣ್ಮಕ್ಕಳ ಮೇಲೆ, ನಮ್ಮ ಆಸ್ಪತ್ರೆಯ ಜನಜಂಗುಳಿ ಮಧ್ಯೆ ಆದ ಕೆಲಸ ಅದು, ಅದಕ್ಕೆ ನನಗೆ ಅದರ ಬೆಲೆ ಜಾಸ್ತಿ ಅನ್ಸುತ್ತೆ.

ಅಲ್ಟ್ರಾಸೌಂಡ್‌ಗೂ ಮಿತಿ ಇದೆ, ಅದನ್ನೂ ಹೇಳ್ಬೇಕು. ಟ್ಯೂಬ್ ಹಿಂದೆ ನೆರಳು ಬೀಳುತ್ತೆ, ಹಾಗಾಗಿ ಹಿಂಭಾಗ ಅಷ್ಟು ಸ್ಪಷ್ಟ ಕಾಣಲ್ಲ. ಕರುಳಲ್ಲಿ ಗ್ಯಾಸ್ ಇದ್ರೆ, ಹೊಟ್ಟೆ ಬೊಜ್ಜು ಜಾಸ್ತಿ ಇದ್ರೆ ಚಿತ್ರ ಮಸುಕು. ಕರುಳಿನ ಸುರುಳಿ ಎಲ್ಲೆಲ್ಲಿ ಇದೆ, ಅದಕ್ಕೆ ಎಷ್ಟು ಡೋಸ್ ಹೋಗುತ್ತೆ ಅನ್ನೋದನ್ನ ಇದರಲ್ಲಿ ಪೂರ್ತಿ ಲೆಕ್ಕ ಹಾಕೋಕಾಗಲ್ಲ. ಪ್ರೋಬ್ ಹಿಡಿಯೋರ ಕೈ ಮೇಲೂ ಬಹಳ ನಿಂತಿದೆ. ಅದಕ್ಕೆ ನಮ್ಮ ಕಡೆ ಅನೇಕ ಕಡೆ ಸ್ಕ್ಯಾನಿಂಗ್ ನೋಡಿ ಹಾಕೋದು, ಆಮೇಲೆ ಸಿಟಿ ತೆಗೆದು ಪ್ಲಾನ್ ಮಾಡೋದು, ಸಾಧ್ಯ ಆದ್ರೆ ಒಂದು ಎಂಆರ್‌ಐ ಸೇರಿಸೋದು, ಹೀಗೆ ಎರಡು ಮೂರನ್ನ ಜೋಡಿಸ್ಕೊಂಡು ಮಾಡ್ತಾರೆ. ನನ್ನ ಪ್ರಕಾರ ನಮಗೆ ಹೊಂದೋ ದಾರಿ ಅದೇ.

ಗುದದ್ವಾರದ ಮೂಲಕ ಸ್ಕ್ಯಾನ್ ಮಾಡ್ತೀವಿ ಅಂದ್ರು, ಅತ್ತೆ ಒಪ್ತಿಲ್ಲ. ಯಾಕೆ ಬೇಕು ಅದು?

ಗಡ್ಡೆ ಪಕ್ಕಕ್ಕೆ ಹಬ್ಬಿದ್ರೆ ಟ್ಯಾಂಡೆಮ್ ಒಂದೇ ಸಾಲಲ್ಲ, ಸೂಜಿಗಳನ್ನೂ ಹಾಕ್ಬೇಕಾಗುತ್ತೆ. ಆ ಸೂಜಿ ಮೂತ್ರಚೀಲಕ್ಕೆ ಚುಚ್ಚದ ಹಾಗೆ, ಗಡ್ಡೆ ಒಳಗೇ ಹೋಗೋ ಹಾಗೆ ಹತ್ತಿರದಿಂದ ನೋಡ್ಬೇಕು. ಗುದನಾಳದಿಂದ ಗರ್ಭಕೋಶದ ಬಾಯಿ ತೀರಾ ಹತ್ರ, ಹಾಗಾಗಿ ಅಲ್ಲಿಂದ ಚಿತ್ರ ಚೆನ್ನಾಗಿ ಬರುತ್ತೆ, ಆಸ್ಟ್ರಿಯಾದ ವಿಯೆನ್ನಾ ಡಾಕ್ಟರುಗಳು ಇದನ್ನ ಎಂಆರ್‌ಐ ಜೊತೆ ಹೋಲಿಸಿ ಚೆನ್ನಾಗಿ ಹೊಂದುತ್ತೆ ಅಂತ ತೋರಿಸಿದಾರೆ. ಅತ್ತೆಗೆ ನಾಚಿಕೆ ಆಗೋದು ಸಹಜ, ಅದನ್ನ ತಳ್ಳಿಹಾಕ್ಬೇಡಿ. ಆದ್ರೆ ಅರಿವಳಿಕೆ ಕೊಟ್ಟ ಮೇಲೆ ಮಾಡೋದು, ಅವರಿಗೆ ಗೊತ್ತೂ ಆಗಲ್ಲ, ಮೈಮೇಲೆ ಬಟ್ಟೆ ಹೊದಿಸಿರ್ತಾರೆ, ಬೇಕಾದ್ರೆ ಹೆಣ್ಣು ಸಿಬ್ಬಂದಿ ಜೊತೆಗಿರಲಿ ಅಂತ ಕೇಳಿ.

ಆ ದಿನ ಏನೇನಾಗುತ್ತೆ, ನೋವಿರುತ್ತಾ?

ಹಿಂದಿನ ರಾತ್ರಿ ಹಗುರ ಊಟ, ಹೊಟ್ಟೆ ಖಾಲಿ ಆಗೋಕೆ ಮಾತ್ರೆ ಅಥವಾ ಎನಿಮಾ, ಬೆಳಗ್ಗೆ ಏನೂ ತಿನ್ನೋ ಹಾಗಿಲ್ಲ. ಬೆನ್ನಿಗೆ ಇಂಜೆಕ್ಷನ್ ಕೊಟ್ಟೋ, ಪೂರ್ತಿ ಅರಿವಳಿಕೆ ಕೊಟ್ಟೋ ಅಥವಾ ನಿದ್ದೆ ಬರೋ ಇಂಜೆಕ್ಷನ್ ಕೊಟ್ಟೋ ಟ್ಯೂಬ್ ಹಾಕ್ತಾರೆ. ಮುಂಚೆ ಕೆಲವು ಕಡೆ ಬರೀ ನೋವಿನ ಮಾತ್ರೆ ಕೊಟ್ಟು ಮಾಡ್ತಿದ್ದಿದ್ದು ಉಂಟು, ಆ ನೋವು ನೆನೆಸ್ಕೊಂಡು ಎರಡನೇ ಸಲ ಬರಲ್ಲ ಅಂದ ತಾಯಂದಿರನ್ನ ನಾನು ನೋಡಿದೀನಿ, ಅದಕ್ಕೆ ನೋವಿಗೆ ಏನು ಕೊಡ್ತೀರ ಅಂತ ಮೊದಲೇ ಕೇಳಿ, ಕೇಳೋದು ತಪ್ಪಲ್ಲ.

ಹಾಕೋದಕ್ಕೆ ಅರ್ಧದಿಂದ ಒಂದು ಗಂಟೆ. ಆಮೇಲೆ ಸಿಟಿ, ಆಮೇಲೆ ಫಿಸಿಸಿಸ್ಟ್ (ಡೋಸ್ ಲೆಕ್ಕ ಹಾಕೋ ತಜ್ಞರು) ಕೂತ್ಕೊಂಡು ಪ್ಲಾನ್ ಮಾಡ್ತಾರೆ, ಈ ಕಾಯೋ ಹೊತ್ತೇ ಎಲ್ಲಕ್ಕಿಂತ ಬೇಜಾರು, ಮಲಗಿದ ಕಡೆ ಅಲ್ಲಾಡೋ ಹಾಗಿಲ್ಲ, ಸೊಂಟ ನೋಯುತ್ತೆ. ಕರೆಂಟ್ ಕೊಡೋದು ಮಾತ್ರ 10-20 ನಿಮಿಷ ಇರಬಹುದು. ಅಷ್ಟು ಹೊತ್ತು ದಪ್ಪ ಗೋಡೆ ರೂಮಲ್ಲಿ ಒಬ್ಬರೇ ಇರ್ತಾರೆ, ಕ್ಯಾಮೆರಾದಲ್ಲಿ ನಾವು ನೋಡ್ತಾನೇ ಇರ್ತೀವಿ, ಮಾತಾಡಬಹುದು, ತೊಂದರೆ ಆದ್ರೆ ತಕ್ಷಣ ನಿಲ್ಲಿಸ್ತೀವಿ. ಮೈಕಲ್ಲಿ ಮಗಳ ದನಿ ಕೇಳಿಸಿ ಅಂತ ಕೇಳಿದ್ರೆ ನಮ್ಮಲ್ಲಿ ಇಲ್ಲ ಅನ್ನಲ್ಲ.

ಎಷ್ಟು ಸಲ ಬರ್ಬೇಕು? ಪಕ್ಕದ ಬೆಡ್ಡಿನವರಿಗೆ ಎರಡೇ, ನಮಗೆ ನಾಲ್ಕು ಅಂತಿದಾರೆ.

7 ಗ್ರೇ ಹಾಗೆ ನಾಲ್ಕು ಸಲ ಕೊಡೋ ಪದ್ಧತಿ ಇದೆ, 9 ಗ್ರೇ ಹಾಗೆ ಎರಡು ಸಲ ಕೊಡೋದೂ ನಮ್ಮ ದೇಶದಲ್ಲಿ ಚಾಲ್ತಿಯಲ್ಲಿದೆ, ಮಧ್ಯದಲ್ಲಿ ಬೇರೆ ಲೆಕ್ಕಗಳೂ ಇವೆ. ಉಳಿದ ಗಡ್ಡೆ ಎಷ್ಟು, ಹೊರಗಿಂದ ಎಷ್ಟು ಆಗಿದೆ, ಮೂತ್ರಚೀಲ ಗುದನಾಳ ಎಷ್ಟು ಹತ್ರ ಇದೆ ಇದನ್ನೆಲ್ಲ ನೋಡಿ ಡಾಕ್ಟರ್ ತೀರ್ಮಾನ ಮಾಡ್ತಾರೆ. ಕೆಲವೊಮ್ಮೆ ಒಂದೇ ಸಲ ಹಾಕಿದ ಟ್ಯೂಬಲ್ಲಿ ಅಡ್ಮಿಟ್ ಮಾಡ್ಕೊಂಡು ಎರಡು ಡೋಸ್ ಕೊಡ್ತಾರೆ. ಪಕ್ಕದ ಬೆಡ್ ಜೊತೆ ಹೋಲಿಸ್ಕೋಬೇಡಿ.

ಪ್ರತಿ ಸಲಾನೂ ಸ್ಕ್ಯಾನಿಂಗ್ ಬೇಕಾ ಅಂತ ಕೇಳ್ತಾರೆ. ಬೇಕು, ಯಾಕಂದ್ರೆ ವಾರ ವಾರಕ್ಕೂ ಗಡ್ಡೆ ಕುಗ್ತಾ ಇರುತ್ತೆ, ದಾರಿ ಬದಲಾಗುತ್ತೆ.

ಮನೆಗೆ ಬಂದ್ಮೇಲೆ ಮೊಮ್ಮಗು ಎತ್ಕೋಬಹುದಾ? ಮೈಯಲ್ಲಿ ಕರೆಂಟ್ ಉಳಿದಿರಲ್ವಾ?

ಎತ್ಕೊಳ್ಳಿ, ಮುದ್ದಾಡಿ. ಸೋರ್ಸ್ ವಾಪಸ್ ಮಷೀನಿಗೆ ಹೋಗಿರುತ್ತೆ, ಮೈಯಲ್ಲಿ ಏನೂ ಉಳಿಯಲ್ಲ. ಬೇರೆ ತಟ್ಟೆ, ಬೇರೆ ರೂಮು, ಬೇರೆ ಬಟ್ಟೆ ಯಾವ್ದೂ ಬೇಡ. ಈ ತಪ್ಪು ತಿಳುವಳಿಕೆಯಿಂದ ಮನೆಯಲ್ಲೇ ಒಂಟಿ ಆಗಿರೋ ಅಜ್ಜಿಯಂದಿರು ಇದಾರೆ, ತುಂಬ ಬೇಜಾರಿನ ವಿಷಯ.

ಸ್ಕ್ಯಾನಿಂಗ್ ರೂಮಲ್ಲಿ "ಭ್ರೂಣಲಿಂಗ ಪತ್ತೆ ಮಾಡಲಾಗುವುದಿಲ್ಲ" ಅಂತ ಬೋರ್ಡ್ ಇದೆ, ನಮ್ಮನ್ನ ತಪ್ಪು ಜಾಗಕ್ಕೆ ಕರ್ಕೊಂಡು ಬಂದ್ರಾ?

ಇಲ್ಲ. ಭ್ರೂಣಲಿಂಗ ಪತ್ತೆ ತಡೆಯೋ 1994ರ ಕಾಯ್ದೆ ಪ್ರಕಾರ ಅಲ್ಟ್ರಾಸೌಂಡ್ ಮಷೀನ್ ರಿಜಿಸ್ಟರ್ ಆಗಿರ್ಬೇಕು, ಬೋರ್ಡ್ ಹಾಕ್ಬೇಕು, ಕ್ಯಾನ್ಸರ್ ವಿಭಾಗದ ಮಷೀನಿಗೂ ಅದೇ ನಿಯಮ.

ಅಪ್ಪಂಗೆ ಪ್ರಾಸ್ಟೇಟ್ ಕ್ಯಾನ್ಸರ್. ಅವರಿಗೂ ಹೀಗೇನಾ?

ಪ್ರಾಸ್ಟೇಟ್‌ನಲ್ಲಂತೂ ಅಲ್ಟ್ರಾಸೌಂಡ್ ಬಂದ ಮೇಲೇ ಈ ಚಿಕಿತ್ಸೆ ನೆಟ್ಟಗಾಗಿದ್ದು. 1970ರ ದಶಕದಲ್ಲಿ ನ್ಯೂಯಾರ್ಕಿನಲ್ಲಿ ಹೊಟ್ಟೆ ಕೆಳಗೆ ಕುಯ್ದು ಕೈ ಅಂದಾಜಲ್ಲೇ ಅಯೋಡಿನ್-125 ಸೀಡ್ (ಕರೆಂಟ್ ಬಿಡೋ ಕಾಳಿನಂಥ ಚಿಕ್ಕ ತುಣುಕು) ನೆಡ್ತಿದ್ರು, ಒಂದು ಕಡೆ ಗುಂಪಾಗಿ ಇನ್ನೊಂದು ಕಡೆ ಖಾಲಿ ಬಿದ್ದು ರೋಗ ಮತ್ತೆ ಬರ್ತಿತ್ತು. ಡೆನ್ಮಾರ್ಕಿನ ಹಾನ್ಸ್ ಹೆನ್ರಿಕ್ ಹೋಮ್ ಅನ್ನೋ ಡಾಕ್ಟರ್ ಗುದನಾಳದೊಳಗೆ ಅಲ್ಟ್ರಾಸೌಂಡ್ ಪ್ರೋಬ್ ಇಟ್ಟು ಪ್ರಾಸ್ಟೇಟ್ ನೋಡ್ಕೊಂಡು, ಕುಯ್ಯದೆ, ವೃಷಣದ ಹಿಂದಿನ ಚರ್ಮದಿಂದ ಸೂಜಿ ಹಾಕಿ ಸೀಡ್ ಇಡೋ ವಿಧಾನವನ್ನ 1983ರಲ್ಲಿ ಪ್ರಕಟ ಮಾಡಿದ್ರು. ಇವತ್ತಿಗೂ ಅದೇ ದಾರಿ. ತೂತುಗಳ ಒಂದು ಹಲಗೆ, ತೂತಿಂದ ತೂತಿಗೆ 5 ಮಿ.ಮೀ., ಸ್ಕ್ರೀನ್ ಮೇಲೂ ಅದೇ ಚುಕ್ಕಿ ಸಾಲು, ಯಾವ ತೂತಿಂದ ಹಾಕಿದ ಸೂಜಿ ಎಲ್ಲಿ ಹೋಗುತ್ತೆ ಅಂತ ನೇರ ಗೊತ್ತಾಗುತ್ತೆ.

ಸೀಡ್ ಒಳಗೇ ಉಳಿಯುತ್ತೆ. ಅದರ ಶಕ್ತಿ ಸುಮಾರು 60 ದಿನಕ್ಕೆ ಅರ್ಧ ಆಗ್ತಾ ಹೋಗುತ್ತೆ, ಹಾಗಾಗಿ ಇಲ್ಲಿ ಮಾತ್ರ ಮೊದಲ ಒಂದೆರಡು ತಿಂಗಳು ಬಸುರಿಯರು, ಚಿಕ್ಕ ಮಕ್ಕಳು ತುಂಬ ಹೊತ್ತು ತೀರಾ ಹತ್ರ ಕೂರೋದು ಬೇಡ ಅಂತಾರೆ. ಒಳಗೆ ಏನೂ ಬಿಡದೆ ಇರಿಡಿಯಮ್ಮಿಂದ ಮಾಡೋ ವಿಧಾನಾನೂ ಇದೆ. ಒಂದು ವಿಷಯ ನೆನಪಿಟ್ಕೊಳ್ಳಿ: ಮುಂದೆ ಯಾವಾಗಾದ್ರೂ ಮಲದಲ್ಲಿ ರಕ್ತ ಕಂಡು ಬೇರೆ ಡಾಕ್ಟರ್ ಹತ್ರ ಹೋದ್ರೆ ಪ್ರಾಸ್ಟೇಟ್‌ಗೆ ಕರೆಂಟ್ ಆಗಿದೆ ಅಂತ ಮೊದಲೇ ಹೇಳಿ, ಆ ಜಾಗದಲ್ಲಿ ಯೋಚನೆ ಮಾಡದೆ ಬಯಾಪ್ಸಿ ತೆಗೆದ್ರೆ ಗಾಯ ಮಾಗೋದು ಕಷ್ಟ.

ಗರ್ಭಕೋಶದ ಬಾಯಿಗೆ ಒಳಗಿನ ಕರೆಂಟ್ ಆದ್ಮೇಲೆ ತೊಂದರೆಗಳು ಏನಿರುತ್ತೆ? ಗಂಡ ಹೆಂಡತಿ ಸೇರ್ಬಹುದಾ?

ಒಂದೆರಡು ದಿನ ಸ್ವಲ್ಪ ರಕ್ತ, ಉರಿಮೂತ್ರ, ಸುಸ್ತು ಸಾಮಾನ್ಯ. ತಿಂಗಳು ವರ್ಷ ಕಳೆದ ಮೇಲೆ ಕೆಲವರಿಗೆ ಮಲದಲ್ಲಿ ಅಥವಾ ಮೂತ್ರದಲ್ಲಿ ರಕ್ತ ಬರಬಹುದು, ಬಂದ್ರೆ ಮುಚ್ಚಿಡದೇ ತೋರಿಸಿ, ಅದಕ್ಕೆ ಚಿಕಿತ್ಸೆ ಇದೆ. ಮುಟ್ಟು ನಿಲ್ಲುತ್ತೆ, ಮುಂದೆ ಗರ್ಭ ನಿಲ್ಲಲ್ಲ, ಇದನ್ನ ಚಿಕ್ಕ ವಯಸ್ಸಿನವರಿಗೆ ಟ್ರೀಟ್ಮೆಂಟ್ ಶುರು ಮಾಡೋ ಮುಂಚೇನೇ ಹೇಳ್ಬೇಕು.

ಯೋನಿ ದಾರಿ ಕಿರಿದಾಗೋದು ಯಾರೂ ಬಾಯಿಬಿಟ್ಟು ಹೇಳದ ತೊಂದರೆ. ಗಾಯ ಮಾಗಿದ ಮೇಲೆ ಡಾಕ್ಟರ್ ಹೇಳಿದಾಗಿಂದ ಡೈಲೇಟರ್ (ದಾರಿ ಮುಚ್ಚದ ಹಾಗೆ ಯೋನಿ ಒಳಗೆ ಹಾಕ್ಕೊಳ್ಳೋ ನುಣುಪಾದ ಕೊಳವೆಯಂಥ ಸಾಧನ) ಉಪಯೋಗಿಸ್ಬೇಕು, ಜೆಲ್ ಹಚ್ಚಿ. ಗಂಡ ಹೆಂಡತಿ ಸೇರೋದಕ್ಕೆ ಅಡ್ಡಿ ಇಲ್ಲ, ಕ್ಯಾನ್ಸರ್ ಗಂಡನಿಗೆ ಅಂಟಲ್ಲ. ವಿಧವೆಯರಿಗೆ, ವಯಸ್ಸಾದವರಿಗೆ ಡೈಲೇಟರ್ ಯಾಕೆ ಅಂತ ಬಿಡ್ತಾರೆ, ಅವರಿಗೂ ಬೇಕು, ದಾರಿ ಮುಚ್ಚಿಹೋದ್ರೆ ಮುಂದಿನ ಚೆಕಪ್ಪಲ್ಲಿ ಡಾಕ್ಟರಿಗೆ ಒಳಗೆ ನೋಡೋಕೇ ಆಗಲ್ಲ.

ಖರ್ಚು?

ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಇದೆ, ಎಪಿಎಲ್ ಆದ್ರೆ ಪ್ಯಾಕೇಜ್ ದರದಲ್ಲಿ 30% ಸರ್ಕಾರ ಕೊಡುತ್ತೆ, ವರ್ಷಕ್ಕೆ 1.5 ಲಕ್ಷದವರೆಗೆ. ರೇಷನ್ ಕಾರ್ಡ್, ಆಧಾರ್, ರೆಫರಲ್ ಲೆಟರ್ ತಗೊಂಡು ಆಸ್ಪತ್ರೆಯ ಆರೋಗ್ಯಮಿತ್ರರನ್ನ (ಈ ಯೋಜನೆಯ ಕೆಲಸಕ್ಕೆ ಸಹಾಯ ಮಾಡೋ ಸಿಬ್ಬಂದಿ) ಮೊದಲ ದಿನಾನೇ ನೋಡಿ, ಹೊರಗಿನ ಕರೆಂಟಿಗೂ ಒಳಗಿನದಕ್ಕೂ ಅಪ್ರೂವಲ್ ಬೇರೆ ಬೇರೆ ಬೇಕಾ ಅಂತ ಆಗಲೇ ಕೇಳಿಬಿಡಿ, ಕೊನೇ ವಾರದಲ್ಲಿ ಓಡಾಡೋದು ತಪ್ಪುತ್ತೆ.

ನಮ್ಮ ಜಿಲ್ಲೆ ಆಸ್ಪತ್ರೆಯಲ್ಲಿ ಹೊರಗಿನ ಕರೆಂಟ್ ಮಷೀನ್ ಮಾತ್ರ ಇದೆ. ಏನು ಮಾಡೋದು?

ಹೊರಗಿನದನ್ನ ಹತ್ತಿರದಲ್ಲೇ ತಗೊಳ್ಳಿ, ಓಡಾಟ ಕಮ್ಮಿ. ಆದ್ರೆ ಶುರು ಮಾಡೋ ವಾರಾನೇ ಬ್ರೇಕಿಥೆರಪಿ ಎಲ್ಲಿ, ಯಾವ ತಾರೀಖು ಅಂತ ಬರೆಸ್ಕೊಳ್ಳಿ. ಬೆಂಗಳೂರಿನ ಕಿದ್ವಾಯಿಯಂಥ ದೊಡ್ಡ ಕ್ಯಾನ್ಸರ್ ಆಸ್ಪತ್ರೆಗಳಲ್ಲಿ ರಶ್ ಇರುತ್ತೆ, 25 ದಿನ ಮುಗಿಸ್ಕೊಂಡು ಆಮೇಲೆ ಹುಡುಕೋಕೆ ಹೋದ್ರೆ ಆ 8 ವಾರ ಕೈಬಿಟ್ಟು ಹೋಗುತ್ತೆ. ಹೋಗುವಾಗ ಹೊರಗಿನ ಕರೆಂಟಿನ ಡೋಸ್ ಶೀಟ್, ಶುರುವಿನ ಎಂಆರ್‌ಐ ಸಿಡಿ, ಬಯಾಪ್ಸಿ ರಿಪೋರ್ಟ್, ಕೀಮೋ ಚೀಟಿ ಎಲ್ಲ ಒಂದು ಫೈಲಲ್ಲಿ ಇರಲಿ. ಅಲ್ಲಿನ ಡಾಕ್ಟರನ್ನ ಕೇಳಿ: ಟ್ಯೂಬ್ ಹಾಕುವಾಗ ಸ್ಕ್ಯಾನಿಂಗ್ ನೋಡ್ಕೊಂಡು ಹಾಕ್ತೀರಾ, ಹಾಕಿದ ಮೇಲೆ ಸಿಟಿ ಮಾಡ್ತೀರಾ, ನೋವಿಗೆ ಏನು ಕೊಡ್ತೀರಾ. ಸ್ಕ್ಯಾನಿಂಗ್ ಮಷೀನ್ ಆ ವಿಭಾಗದಲ್ಲಿ ಇಲ್ಲ ಅಂದ್ರೂ ರೇಡಿಯಾಲಜಿಯಿಂದ ತರಿಸೋದಕ್ಕೆ ಆಗುತ್ತಾ ಅಂತ ವಿಚಾರಿಸಿ, ಗರ್ಭಕೋಶ ಹಿಂದೆ ಬಾಗಿದೆ ಅಥವಾ ಬಾಯಿ ಮುಚ್ಚಿದೆ ಅಂತ ರಿಪೋರ್ಟಲ್ಲಿ ಇದ್ರಂತೂ ಖಂಡಿತ ವಿಚಾರಿಸಿ.

ಟ್ಯೂಬ್ ತೆಗೆದು ಮನೆಗೆ ಕಳಿಸಿದ್ರು. ಯಾವಾಗ ತಕ್ಷಣ ವಾಪಸ್ ಓಡಿ ಬರ್ಬೇಕು?

ಗಂಟೆಗೊಂದು ಪ್ಯಾಡ್ ಒದ್ದೆ ಆಗೋಷ್ಟು ರಕ್ತ, ಚಳಿ ಜ್ವರ, ಹೊಟ್ಟೆ ಗಟ್ಟಿಯಾಗಿ ತಡೆಯಲಾರದ ನೋವು, ಮೂತ್ರ ಕಟ್ಟಿಕೊಳ್ಳೋದು, ಕಾಲು ಊದಿ ನೋಯೋದು, ಇವುಗಳಲ್ಲಿ ಯಾವುದೇ ಒಂದು ಇದ್ರೂ ಬೆಳಗಾಗಲಿ ಅಂತ ಕಾಯ್ಬೇಡಿ. ದೂರದ ಊರಾದ್ರೆ ಹತ್ತಿರದ ಆಸ್ಪತ್ರೆಗೆ ಮೊದಲು ಹೋಗಿ ಡಿಸ್ಚಾರ್ಜ್ ಚೀಟಿ ತೋರಿಸಿ, ಅದರಲ್ಲಿ ಏನು ಮಾಡಿದೀವಿ ಅಂತ ಬರೆದಿರುತ್ತೆ, ನಮ್ಮ ವಿಭಾಗದ ನಂಬರೂ ಇರುತ್ತೆ, ಅವರ ಕೈಯಲ್ಲೇ ಫೋನ್ ಮಾಡಿಸಿ.